ಕುರಿಯ ಯಕೃತ್ತಿನ ಹುಳುವನ್ನು ಬಸವನಹುಳುವಿನ ಹಂತದಲ್ಲೇ ತಡೆಯುವುದು ಹೇಗೆ?

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಸುರಪುರ, ಶಹಾಪುರ ಭಾಗದಲ್ಲಿ ಭತ್ತದ ಕೊಯ್ಲು ಮುಗಿದ ಗದ್ದೆಗಳಿಗೆ ಕುರಿ ಹಿಂಡುಗಳು ಇಳಿಯುತ್ತವೆ. ಹಾಗೆ ಮೇಯ್ದ ಕೆಲವು ತಿಂಗಳ ಮೇಲೆ ಕುರಿ ಸೊರಗಿ, ಕಣ್ಣಿನ ಒಳರೆಪ್ಪೆ ಬಿಳಚಿಕೊಂಡು, ಗದ್ದದ ಕೆಳಗೆ ಬಾವು ಕಾಣಿಸಿದರೆ ಯಕೃತ್ತಿನ ಚಪ್ಪಟೆ ಹುಳುವಿನ ಬಗ್ಗೆ ಶಂಕಿಸಬೇಕು. ಜಂತುನಾಶಕ ಕುಡಿಸಿದರೂ ರೋಗ ಮರುಕಳಿಸುವುದಕ್ಕೆ ಕಾರಣ ಸರಳವಾಗಿದೆ: ಔಷಧ ಕುರಿಯೊಳಗಿನ ಹುಳುವನ್ನು ಕೊಲ್ಲುತ್ತದೆ, ನೀರಿನಲ್ಲಿರುವ ಬಸವನಹುಳುವಿನೊಳಗೆ ಬೆಳೆಯುತ್ತಿರುವ ಅದರ ಮರಿಗಳನ್ನು ಮುಟ್ಟುವುದಿಲ್ಲ.

ಈ ಹುಳು ಒಂದು ಕುರಿಯಿಂದ ಇನ್ನೊಂದು ಕುರಿಗೆ ನೇರವಾಗಿ ಹರಡಲಾರದು. ಹಿಕ್ಕೆಯೊಂದಿಗೆ ಹೊರಬಿದ್ದ ಮೊಟ್ಟೆ ನೀರು ಸೇರಿ, ಬೆಚ್ಚಗಿನ ಹವೆಯಲ್ಲಿ ಸುಮಾರು ಎರಡು ವಾರಗಳಲ್ಲಿ ಒಡೆಯುತ್ತದೆ. ಹೊರಬಂದ ಮರಿ ಸುಮಾರು 24 ಗಂಟೆಗಳೊಳಗೆ ತಕ್ಕ ಬಸವನಹುಳುವನ್ನು ಹೊಕ್ಕದಿದ್ದರೆ ಸಾಯುತ್ತದೆ. ಹೊಕ್ಕರೆ ಅದರೊಳಗೆ ಹಲವು ರೂಪಗಳನ್ನು ತಾಳಿ, ಒಂದೇ ಮರಿ ನೂರಾರಾಗಿ ಹೆಚ್ಚಿ, ಕೆಲವು ವಾರಗಳ ನಂತರ ಬಾಲವುಳ್ಳ ಮರಿಗಳಾಗಿ ಹೊರಬಂದು, ನೀರಂಚಿನ ಹುಲ್ಲಿಗೆ ಅಂಟಿ ಗಟ್ಟಿ ಕೋಶದೊಳಗೆ ಕಾಯುತ್ತದೆ. ಆ ಹುಲ್ಲನ್ನು ಕುರಿ ಮೇಯ್ದಾಗ ಚಕ್ರ ಪೂರ್ಣವಾಗುತ್ತದೆ. ಹುಳುವಿಗೆ ಸಾಕುಮನೆಯೂ ಸಂಖ್ಯೆ ಹೆಚ್ಚಿಸಿಕೊಳ್ಳುವ ಠಾವೂ ಆದ ಬಸವನಹುಳುವನ್ನು ವಿಜ್ಞಾನದಲ್ಲಿ ಮಧ್ಯಂತರ ಆತಿಥೇಯ ಎನ್ನುತ್ತಾರೆ.

ಈ ಕೊಂಡಿಯನ್ನು ಕತ್ತರಿಸಿ ಗೆಲ್ಲಬಹುದೆಂಬುದಕ್ಕೆ ನಮ್ಮ ಭಾಗದ ಹಿರಿಯರು ಕಂಡ, ಮನುಷ್ಯರಿಗೆ ಬರುತ್ತಿದ್ದ ನಾರುಹುಣ್ಣು ಎಂಬ ಹುಳುರೋಗವೇ ಸಾಕ್ಷಿ. ಅದರ ಮಧ್ಯಂತರ ಆತಿಥೇಯ ಸೈಕ್ಲಾಪ್ಸ್ ಎಂಬ ನೀರಿನ ಸಣ್ಣ ಜೀವಿ. ಆ ರೋಗಕ್ಕೆ ಲಸಿಕೆಯಾಗಲಿ, ಹುಳು ಕೊಲ್ಲುವ ಔಷಧವಾಗಲಿ ಇರಲಿಲ್ಲ. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಬದಲಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ, ಸೈಕ್ಲಾಪ್ಸ್ ನಾಶಪಡಿಸಿದ್ದರಿಂದ 1996ರಲ್ಲಿ ದೇಶದ ಕೊನೆಯ ಪ್ರಕರಣ ವರದಿಯಾಯಿತು. 2000ದಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಕುರಿಗಾರರು ಮೊದಲು ಮಾಡಬೇಕಾದದ್ದು ಜಾಗದ ಪರಿಶೀಲನೆ. ಕಾಲುವೆಯ ಸೋರಿಕೆ, ನೀರಿನ ತೊಟ್ಟಿಯ ಸುತ್ತಲಿನ ಕೆಸರು, ನಿಧಾನವಾಗಿ ಹರಿಯುವ ಹಳ್ಳದ ಅಂಚು ಇವುಗಳಲ್ಲಿ ಬಸವನಹುಳುಗಳನ್ನು ಹುಡುಕಬೇಕು. ಚೂಪು ತುದಿಯನ್ನು ಮೇಲಕ್ಕೂ ಬಾಯಿಯನ್ನು ನಮ್ಮ ಕಡೆಗೂ ಹಿಡಿದಾಗ ಚಿಪ್ಪಿನ ಅಗಲವಾದ ಬಾಯಿ ಬಲಕ್ಕೆ ಕಂಡರೆ ಅದು ಯಕೃತ್ತಿನ ಹುಳುವನ್ನು ಸಾಕುವ ಜಾತಿಯದಿರಬಹುದು. ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿದ ಚಿಪ್ಪಿನದು ಬೇರೆ. ಅದು ಹೊಟ್ಟೆಯ ಚಪ್ಪಟೆ ಹುಳುವನ್ನೂ ದನಗಳ ಗೊರಕೆ ರೋಗದ ಹುಳುವನ್ನೂ ಹರಡುತ್ತದೆ. ಬರಿಗೈಯಲ್ಲಿ ಮುಟ್ಟದಿರುವುದು ಒಳ್ಳೆಯದು.

ಎರಡನೆಯದಾಗಿ, ಸೋರಿಕೆ ಮುಚ್ಚಿ, ನೀರು ನಿಲ್ಲದಂತೆ ಬಸಿಗಾಲುವೆ ತೆಗೆದು, ತೊಟ್ಟಿಯ ಸುತ್ತ ಕಲ್ಲು ಹಾಸಬೇಕು. ಬಾತುಕೋಳಿಗಳನ್ನು ಬಿಟ್ಟರೆ ಅವು ಬಸವನಹುಳುಗಳನ್ನು ತಿನ್ನುತ್ತವೆ. ಮೈಲುತುತ್ತನ್ನು ನೀರಿಗೆ ಸುರಿಯುವ ಹಳೆಯ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಅದು ಮೀನುಗಳನ್ನು ಕೊಲ್ಲುತ್ತದೆ, ತಾಮ್ರದ ವಿಷ ಇತರ ಜಾನುವಾರುಗಳಿಗಿಂತ ಕುರಿಗಳಿಗೆ ಬೇಗ ತಗಲುತ್ತದೆ.

ಮೂರನೆಯದು ಮೇವು. ಕೆಸರಂಚಿಗೆ ಬೇಲಿ ಹಾಕಿ ಕುರಿಗಳನ್ನು ಒಣ ದಿಬ್ಬಗಳಲ್ಲಿ ಮೇಯಿಸಬೇಕು. ಕೋಶಗಳು ನೀರಿಗೆ ತಾಗಿದ ಬುಡದಲ್ಲೇ ಹೆಚ್ಚಿರುವುದರಿಂದ ಭತ್ತದ ಹುಲ್ಲನ್ನು ಬುಡ ಬಿಟ್ಟು ಕೊಯ್ದು, ಚೆನ್ನಾಗಿ ಒಣಗಿಸಿಯೇ ಹಾಕಬೇಕು. ತೇವದಲ್ಲಿ ತಿಂಗಳುಗಟ್ಟಲೆ ಬದುಕುವ ಕೋಶ ಸುಡುಬಿಸಿಲಿನಲ್ಲಿ ಬೇಗ ಸಾಯುತ್ತದೆ.

ಇದು ಬೇರೆ ಹುಳುವಿನ ಮಾತಾದರೂ, ಹಟ್ಟಿಯ ನಾಯಿಯನ್ನೂ ಮರೆಯಬಾರದು. ಕುರಿ ಒಂದೇ ಕಡೆಗೆ ಸುತ್ತು ಹಾಕುವ ರೋಗದಲ್ಲಿ ಕುರಿಯೇ ಮಧ್ಯಂತರ ಆತಿಥೇಯ, ಲಾಡಿಹುಳು ಬೆಳೆಯುವುದು ನಾಯಿಯ ಕರುಳಿನಲ್ಲಿ. ಸತ್ತ ಕುರಿಯ ತಲೆಯನ್ನು ನಾಯಿಗೆ ಹಾಕದೆ ಆಳವಾಗಿ ಹೂಳಬೇಕು.

ಔಷಧದ ವಿಷಯದಲ್ಲಿ ಪಶುವೈದ್ಯರ ಮಾತೇ ಅಂತಿಮ. ರಕ್ತ ಹೀರುವ ಹೊಟ್ಟೆಹುಳುವಿನಿಂದಲೂ ಗದ್ದ ಬಾಯುವುದರಿಂದ ಹಿಕ್ಕೆಯ ಪರೀಕ್ಷೆ ಅಗತ್ಯ. ಯಕೃತ್ತಿನ ಹುಳುವಿನ ಮೊಟ್ಟೆ ಭಾರವಾದ್ದರಿಂದ ತೇಲಿಸುವ ವಿಧಾನದಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ತಳಕ್ಕಿಳಿಸಿ ನೋಡುವಂತೆ ಕೇಳಿಕೊಳ್ಳಿ. ಸೋಂಕು ತಗಲಿದ ಮೊದಲ ಎರಡು ಮೂರು ತಿಂಗಳು ಮೊಟ್ಟೆಗಳೇ ಹೊರಬೀಳುವುದಿಲ್ಲವಾದ್ದರಿಂದ, ಆ ಅವಧಿಯಲ್ಲಿ ಕುರಿ ಸತ್ತರೆ ಅದರ ಯಕೃತ್ತನ್ನು ಪಶು ಆಸ್ಪತ್ರೆಗೆ ಒಯ್ದು ತೋರಿಸುವುದೇ ಸರಿಯಾದ ದಾರಿ.