ಕರಿಕೋಟಿನಿಂದ ಕಣಕ್ಕೆ: ವಕೀಲರ ನಾಮಪತ್ರ ತಿರಸ್ಕಾರವಾಗದಿರಲು

ಹುಬ್ಬಳ್ಳಿಯಲ್ಲಿ ವಕೀಲಿಕೆ ಮಾಡುತ್ತಿದ್ದ ಎಸ್.ಆರ್. ಬೊಮ್ಮಾಯಿ 1988ರಲ್ಲಿ ಮುಖ್ಯಮಂತ್ರಿಯಾದರು. ಮರುವರ್ಷ ಸರ್ಕಾರ ವಜಾ ಆದಾಗ ಅವರು ಕೋರ್ಟಿಗೆ ಹೋದದ್ದರಿಂದಲೇ, ಬಹುಮತ ಸಾಬೀತಾಗಬೇಕಾದ ಜಾಗ ಸದನವೆಂಬ 1994ರ ಸುಪ್ರೀಂ ಕೋರ್ಟ್ ತೀರ್ಪು ಬಂತು. ಅದೇ ದಾರಿ ಹಿಡಿಯಬಯಸುವ ವಕೀಲರು ಈ ಭಾಗದ ಪ್ರತಿ ವಕೀಲರ ಸಂಘದಲ್ಲೂ ಇದ್ದಾರೆ. ಊರವರ ಕಾಗದಪತ್ರವನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಇವರೇ ತಮ್ಮ ನಾಮಪತ್ರವನ್ನು ಕೊನೇ ದಿನಕ್ಕೆ ತಳ್ಳಿ ಕೆಡುತ್ತಾರೆ. ವಿಧಾನಸಭೆಗೆ ನಿಲ್ಲುವವರು ಗಮನಿಸಬೇಕಾದದ್ದು ಇಷ್ಟು.

ಸರ್ಕಾರಿ ವಕೀಲರಾಗಿದ್ದರೆ ಮೊದಲು ರಾಜೀನಾಮೆ ಕೊಟ್ಟು, ಅದು ಅಂಗೀಕಾರವಾದ ಆದೇಶವನ್ನು ಕೈಯಲ್ಲಿಟ್ಟುಕೊಳ್ಳಿ. ಸರ್ಕಾರದ ಲಾಭದಾಯಕ ಹುದ್ದೆಯಲ್ಲಿರುವವರು ನಿಲ್ಲುವಂತಿಲ್ಲ ಎಂಬ ತಕರಾರು ಅಲ್ಲಿಗೇ ಮುಗಿಯುತ್ತದೆ. ನಡೆಯುತ್ತಿರುವ ಕೇಸುಗಳಿಗೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಟ್ಟು ಜೂನಿಯರ್ ಹೆಸರಿನಲ್ಲಿ ವಕಾಲತ್ತು ಹಾಕಿಸಿ. ಪ್ರಚಾರದ ದಿನಗಳಲ್ಲಿ ಕಕ್ಷಿದಾರನ ಕೇಸು ಗೈರುಹಾಜರಿಯಿಂದ ವಜಾ ಆದರೆ ಆ ನೋವು ಅವನದು.

ಹೆಚ್ಚು ಎಡವುವುದು ಸೂಚಕರ, ಅಂದರೆ ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರ ವಿಷಯದಲ್ಲಿ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ 10 ಮಂದಿ ಬೇಕು. ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ಹುಬ್ಬಳ್ಳಿ-ಧಾರವಾಡ ಪೂರ್ವ, ಸೆಂಟ್ರಲ್, ಪಶ್ಚಿಮ ಎಂದು ಅವಳಿನಗರ ಹಂಚಿಹೋಗಿದೆ. ಕೋರ್ಟಿನ ಗೆಳೆಯರಿಂದಲೇ ಸಹಿ ಹಾಕಿಸಿದರೆ ಹತ್ತರಲ್ಲಿ ಒಂದೆರಡು ಮತ ಪಕ್ಕದ ಕ್ಷೇತ್ರದಲ್ಲಿರುತ್ತವೆ, ಆ ನಾಮಪತ್ರದ ಸೆಟ್ ಬಿದ್ದುಹೋಗುತ್ತದೆ. ಪ್ರತಿಯೊಬ್ಬರ ಭಾಗ ಸಂಖ್ಯೆ, ಕ್ರಮಸಂಖ್ಯೆಗಳನ್ನು ಇತ್ತೀಚಿನ ಮತದಾರರ ಪಟ್ಟಿಯಿಂದಲೇ ಬರೆದುಕೊಳ್ಳಿ. ನಾಲ್ಕು ಸೆಟ್‌ವರೆಗೆ ಅವಕಾಶವಿದೆ. ಸೂಚಕರನ್ನು ಬದಲಿಸಿ ಎರಡಾದರೂ ಕೊಡುವುದು ಜಾಣತನ. ನಿಮ್ಮ ಮತ ಧಾರವಾಡದಲ್ಲಿದ್ದು ಕುಂದಗೋಳದಲ್ಲಿ ನಿಂತರೆ ಮತದಾರರ ಪಟ್ಟಿಯ ದೃಢೀಕೃತ ನಕಲು ಕಡ್ಡಾಯ.

ಆಸ್ತಿ, ಸಾಲ, ಕ್ರಿಮಿನಲ್ ಕೇಸುಗಳ ವಿವರ ಕೊಡುವ ನಮೂನೆ 26ರ ಅಫಿಡವಿಟ್ಟಿನಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡಬೇಡಿ. ಏನೂ ಇಲ್ಲದಿದ್ದರೆ 'ಇಲ್ಲ' ಎಂದೇ ಬರೆಯಿರಿ. ಚುನಾವಣಾಧಿಕಾರಿ ನೋಟಿಸ್ ಕೊಟ್ಟ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನರಗುಂದ, ನವಲಗುಂದದ ಕಡೆಯವರು ಮಹದಾಯಿ ಹೋರಾಟದ ಕೇಸುಗಳನ್ನು ವಿಶೇಷವಾಗಿ ನೋಡಿಕೊಳ್ಳಬೇಕು. 'ಸರ್ಕಾರ ವಾಪಸ್ ಪಡೆದಿದೆ' ಎಂಬ ಬಾಯಿಮಾತು ನಂಬದೆ ಕೋರ್ಟಿನ ಆದೇಶದ ನಕಲು ತೆಗೆಸಿ. ಇನ್ನೂ ಬಾಕಿಯಿದ್ದರೆ ಅಫಿಡವಿಟ್ಟಿನಲ್ಲಿ ತೋರಿಸಿ, ಪತ್ರಿಕೆ-ಟಿವಿಗಳಲ್ಲಿ ಮೂರು ಸಲ ಪ್ರಕಟಿಸಬೇಕು.

ಠೇವಣಿ 10,000 ರೂ.; ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಚುನಾವಣಾ ಖರ್ಚಿನ ಬ್ಯಾಂಕ್ ಖಾತೆ ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ತೆರೆದಿರಬೇಕು. ನೀವೇ ಪಕ್ಷದ ಅಧಿಕೃತ ಅಭ್ಯರ್ಥಿಯೆಂದು ತಿಳಿಸುವ ಎ, ಬಿ ನಮೂನೆಗಳು ನಾಮಪತ್ರ ಸಲ್ಲಿಕೆಯ ಕೊನೇ ದಿನ ಮಧ್ಯಾಹ್ನ 3ರೊಳಗೆ ತಲುಪಬೇಕು.

ನಾಮಪತ್ರ ಕೊಟ್ಟೊಡನೆ ಅಲ್ಲೇ ಪ್ರಮಾಣವಚನ ತೆಗೆದುಕೊಂಡು ಅದರ ಪ್ರಮಾಣಪತ್ರ ಕೇಳಿ ಪಡೆಯಿರಿ. ಪರಿಶೀಲನೆಯ ದಿನ ಬೆಳಿಗ್ಗೆ ತೆಗೆದುಕೊಂಡರೆ ನಡೆಯದು. ಅದರ ಹಿಂದಿನ ದಿನದೊಳಗೆ ಆಗಿರಲೇಬೇಕು.

ಗೆದ್ದರೂ ಸೋತರೂ ಫಲಿತಾಂಶದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು, ತಪ್ಪಿದರೆ ಮೂರು ವರ್ಷ ಅನರ್ಹತೆ ಬೀಳಬಹುದು. ಶಾಸಕರಾದವರು ವಕೀಲಿಕೆ ಮುಂದುವರಿಸಲು 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅಡ್ಡಿಯಿಲ್ಲ.