ಹೋದಲ್ಲೆಲ್ಲ ಬೇರೆ ಪಿಯಾನೊ: ನನ್ನ ಅನುಭವ

ವಯಲಿನ್ ನುಡಿಸುವ ಗೆಳೆಯರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಅವರು ತಮ್ಮ ವಾದ್ಯವನ್ನು ಹೆಗಲಿಗೆ ಹಾಕಿಕೊಂಡು ಬರುತ್ತಾರೆ, ನುಡಿಸುತ್ತಾರೆ, ಹೊತ್ತುಕೊಂಡು ಹೋಗುತ್ತಾರೆ. ನನಗೆ ಆ ಭಾಗ್ಯ ಇಲ್ಲ. ಸಂಗೀತ ಕಛೇರಿಗೆ ಬಳಸುವ ದೊಡ್ಡ ಪಿಯಾನೊ ಸುಮಾರು ಒಂಬತ್ತು ಅಡಿ ಉದ್ದ, ತೂಕ ಹೆಚ್ಚುಕಡಿಮೆ ಅರ್ಧ ಟನ್. ಹೆಸರಾಂತ ಪಿಯಾನೊ ವಾದಕ ಹೊರೋವಿಟ್ಸ್ 1986ರಲ್ಲಿ ಮಾಸ್ಕೋಗೆ ಹೋದಾಗ ತಮ್ಮದೇ ಪಿಯಾನೊವನ್ನು ಅಲ್ಲಿಗೆ ಸಾಗಿಸಿಕೊಂಡು ಹೋಗಿದ್ದರು. ಅದಕ್ಕೆ ಹೊರೋವಿಟ್ಸ್ ಆಗಿರಬೇಕಲ್ಲ! ನಮ್ಮಂಥವರು ಅಲ್ಲಿ ಏನಿದೆಯೋ ಅದನ್ನೇ ನುಡಿಸಬೇಕು.

ಎಲ್ಲದರಲ್ಲೂ ಅದೇ 88 ಕೀ ತಾನೇ, ಏನು ವ್ಯತ್ಯಾಸ ಅಂತ ಕೇಳುತ್ತಾರೆ. ಒಂದು ಕೀ ಕೆಳಗೆ ಹೋಗುವುದು ಸುಮಾರು 10 ಮಿಲಿಮೀಟರ್ ಅಷ್ಟೇ. ಅದು ತಳ ಮುಟ್ಟುವ ಮೊದಲೇ ಒಳಗಿನ ಸುತ್ತಿಗೆ ನಮ್ಮ ಕೈ ತಪ್ಪಿಸಿಕೊಂಡು ತಂತಿಯ ಕಡೆ ಹಾರುತ್ತದೆ, ಆಮೇಲೆ ನಾವು ಏನು ಮಾಡಿದರೂ ಅದರ ಹೊಡೆತ ಬದಲಾಗುವುದಿಲ್ಲ. ಅಂದರೆ ನಮ್ಮ ಕೈಯಲ್ಲಿರುವುದು ಆ ಕೆಲವೇ ಮಿಲಿಮೀಟರ್. ಒಂದು ಪಿಯಾನೊದಲ್ಲಿ ಮೆತ್ತಗೆ, ದುಂಡಗೆ ಬರುವ ಸ್ವರ ಇನ್ನೊಂದರಲ್ಲಿ ಅದೇ ಒತ್ತಿಗೆ ಬರುವುದೇ ಇಲ್ಲ. ಬರೀ ಕೀ ಇಳಿಯುತ್ತದೆ, ಸದ್ದಿಲ್ಲ.

ಇದನ್ನು ನಾನು ಕಲಿತದ್ದು ಮಾನ ಕಳೆದುಕೊಂಡು. ಅದು ನನ್ನ ಎರಡನೆಯ ಒಂಟಿ ಕಛೇರಿ, ಪುಸ್ತಕ ನೋಡದೆ ನುಡಿಸಬೇಕಿದ್ದ ಮುಖ್ಯ ಕೃತಿ ಸಂಗೀತ ರಚನಕಾರ ಶುಬರ್ಟ್ ಸಾಯುವ ವರ್ಷ, 1828ರಲ್ಲಿ, ಬರೆದ ಬಿ ಫ್ಲಾಟ್ ಸೊನಾಟಾ, ಹಲವು ಭಾಗಗಳ ದೊಡ್ಡ ಕೃತಿ. ಅದರ ಮೊದಲ ಭಾಗದಲ್ಲಿ ಒಂದು ಕವಲುದಾರಿ ಇದೆ. ಶುರುವಿನ ರಾಗ ಕೊನೆಕೊನೆಗೆ ಮತ್ತೆ ಬರುತ್ತದೆ. ಮೊದಲ ಸಲ ಅಲ್ಲಿಂದ ಬೇರೆ ಸ್ವರಶ್ರೇಣಿಗೆ, ಎಫ್ ಶಾರ್ಪ್ ಮೈನರ್‌ಗೆ ತಿರುಗಬೇಕು, ಮತ್ತೆ ಬಂದಾಗ ಬಿ ಮೈನರ್‌ಗೆ. ಮನೆಯಲ್ಲಿ ನೂರಾರು ಸಲ ಸರಿಯಾಗಿ ತಿರುಗಿದ್ದೆ. ಅವತ್ತಿನ ಪಿಯಾನೊದ ಕೀಗಳು ಬಿಗಿಯಾಗಿದ್ದವು, ನನ್ನ ಗಮನವೆಲ್ಲ ಸದ್ದು ಹೊರಡಿಸುವುದರಲ್ಲೇ ಇತ್ತು, ನೋಡಿದರೆ ನಾನು ಎಫ್ ಶಾರ್ಪ್ ಮೈನರ್‌ನಲ್ಲಿ ಕೂತಿದ್ದೇನೆ! ಹಾಗೇ ಮುಂದುವರಿದರೆ ಮತ್ತೆ ಕೃತಿಯ ನಡುವಿಗೇ ಹೋಗುತ್ತೇನೆ, ಮುಗಿಯುವುದೇ ಇಲ್ಲ. ಬೆವರಿದೆ. ನಾಲ್ಕು ಸ್ವರ ಸುಮ್ನೆ ಏನೋ ನುಡಿಸಿ, ನೆನಪಿದ್ದ ಕೊನೆಯ ಪುಟಕ್ಕೆ ಹಾರಿದೆ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ನನ್ನ ಗುರುಗಳು ಮಾತ್ರ ತಟ್ಟಲಿಲ್ಲ.

"ನಿನಗೆ ಕೃತಿ ಗೊತ್ತಿಲ್ಲ, ನಿನ್ನ ಬೆರಳಿಗೆ ಗೊತ್ತು. ಅದೂ ನಿಮ್ಮ ಮನೆಯ ಪಿಯಾನೊದಲ್ಲಿ ಮಾತ್ರ," ಅಂದರು ಆಮೇಲೆ.

ಅಲ್ಲಿಂದ ಅಭ್ಯಾಸದ ರೀತಿ ಬದಲಾಯಿಸಿದೆ. ಈಗ ಹೊಸ ಕೃತಿಯನ್ನು ಮೊದಲು ಪಿಯಾನೊದಿಂದ ದೂರ ಕೂತು ಓದುತ್ತೇನೆ, ಪುಸ್ತಕ ಮುಚ್ಚಿ ಮನಸ್ಸಿನಲ್ಲೇ ನುಡಿಸುತ್ತೇನೆ. ಎಲ್ಲಿ ಮಸುಕಾಗುತ್ತದೋ ಅಲ್ಲಿ ಗೊತ್ತಿಲ್ಲ ಅಂತ ಅರ್ಥ. ಆಮೇಲೆ ಎಡಗೈ ಮಾತ್ರ, ನೋಡದೆ. ಇದು ಎಷ್ಟು ಕಷ್ಟ ಅಂದರೆ, ಐದು ವರ್ಷದಿಂದ ನುಡಿಸುತ್ತಿರುವ ಕೃತಿಯಲ್ಲೂ ತಡವರಿಸುತ್ತೇನೆ. ಇಡೀ ಕೃತಿಯಲ್ಲಿ ಮೂವತ್ತು ನಲವತ್ತು ಜಾಗಕ್ಕೆ ನಂಬರ್ ಹಾಕಿ, ಚೀಟಿ ಎತ್ತಿ, ಬಂದ ನಂಬರಿನಿಂದ ಶುರು ಮಾಡುತ್ತೇನೆ. ಮನೆಯವರಿಗೆ ಇದು ಹುಚ್ಚಿನ ಹಾಗೆ ಕಾಣುತ್ತದೆ. ಪುಸ್ತಕ ನೋಡಿಕೊಂಡೇ ನುಡಿಸಬಾರದಾ ಅಂದರೆ, ಧಾರಾಳವಾಗಿ ನುಡಿಸಬಹುದು. ಪಿಯಾನೊ ವಾದಕ ರಿಕ್ಟರ್ ಅಂಥ ದೈತ್ಯರೇ ಕೊನೆಯ ವರ್ಷಗಳಲ್ಲಿ ಕತ್ತಲ ಸಭಾಂಗಣದಲ್ಲಿ ಸಣ್ಣ ದೀಪ ಇಟ್ಟುಕೊಂಡು ಪುಸ್ತಕ ನೋಡಿ ನುಡಿಸುತ್ತಿದ್ದರು. ನನಗೇ ಇನ್ನೂ ಹಠ.

ಕಛೇರಿ ದಿನ ನನಗೆ ಪಿಯಾನೊ ಸಿಗುವುದು ಎರಡು ಗಂಟೆ, ಕೆಲವು ಸಲ ನಲವತ್ತು ನಿಮಿಷ, ಅದೂ ಲೈಟ್ ಹಾಕುವವರ ಏಣಿಯ ಸದ್ದಿನ ನಡುವೆ. ಸ್ಟೂಲ್ ಎತ್ತರ ಸರಿ ಮಾಡಿಕೊಂಡು ಮೊದಲು ಅತಿ ಮೆತ್ತಗೆ ನುಡಿಸುತ್ತೇನೆ, ಯಾವ ಕೀ ಮೋಸ ಮಾಡುತ್ತದೆ ಅಂತ ತಿಳಿಯಲು. ಜೋರಾಗಿ ನುಡಿಸಿ ಪರೀಕ್ಷೆ ಮಾಡುವವರಿದ್ದಾರೆ, ಜೋರಲ್ಲಿ ಎಲ್ಲ ಪಿಯಾನೊಗಳೂ ಒಳ್ಳೆಯವೇ. ಟ್ಯೂನರ್ ಜೊತೆ ಸ್ನೇಹ ಬೇಕು. ಮೇಲಿನ ಸ್ವರ ಕಿವಿಗೆ ಚುಚ್ಚುತ್ತಿದೆ ಅಂದರೆ ಅವರು ಸುತ್ತಿಗೆಯ ಫೆಲ್ಟ್‌ಗೆ ಸೂಜಿಯಿಂದ ನಾಲ್ಕು ಚುಚ್ಚಿ ಮೃದು ಮಾಡಿಕೊಡುತ್ತಾರೆ.

ಹೊಟ್ಟೆಪಾಡಿನ ವಿಷಯ ಎರಡೇ ಮಾತು: ತಿಂಗಳ ಖರ್ಚು ನಡೆಯುವುದು ಪಾಠ ಹೇಳುವುದರಿಂದ, ಕಛೇರಿಯಿಂದ ಅಲ್ಲ.

ಮೊನ್ನೆ ಮತ್ತೆ ಅದೇ ಶುಬರ್ಟ್. ಎಂಟನೆಯ ತಾಳಾವರ್ತದಲ್ಲಿ, ಅಂದರೆ ಬಾರ್‌ನಲ್ಲಿ ಎಡಗೈಗೆ ತುಂಬಾ ಕೆಳಗೆ, ಗುಡುಗು ಎಲ್ಲೋ ದೂರದಲ್ಲಿ ಗೊಣಗಿದ ಹಾಗೆ ಒಂದು ಟ್ರಿಲ್, ಅಂದರೆ ಅಕ್ಕಪಕ್ಕದ ಎರಡು ಸ್ವರಗಳ ಬಿರುಸಿನ ಅಲುಗಾಟ, ಬರುತ್ತದೆ. ಆ ಪಿಯಾನೊದಲ್ಲಿ ಅಲ್ಲೇ ಒಂದು ಕೀ ಮೇಲೇಳಲು ತಡ ಮಾಡುತ್ತಿತ್ತು. ಅರ್ಧ ಗಂಟೆ ಅದೊಂದನ್ನೇ ನುಡಿಸಿದೆ. ಬೆರಳು ಬದಲಾಯಿಸಿದೆ, ವೇಗ ಸ್ವಲ್ಪ ಇಳಿಸಿದೆ, ಕೀ ಪೂರ್ತಿ ಮೇಲೆ ಬರುವ ಮೊದಲೇ ಮತ್ತೆ ಒತ್ತುವುದನ್ನು ಕಲಿತೆ. ಕೊನೆಗೆ ಆ ಗೊಣಗು ಬಂತು, ಮನೆಯಲ್ಲಿ ಬರುವುದಕ್ಕಿಂತ ಚೆನ್ನಾಗಿಯೇ.

ಅಷ್ಟರಲ್ಲಿ ಟ್ಯೂನರ್ ಪೆಟ್ಟಿಗೆ ಹಿಡಿದು ಬಂದರು. "ಸರ್, ಆ ಕೀ ಸ್ವಲ್ಪ ತೊಂದರೆ ಕೊಡ್ತಿದೆ ಅಲ್ವಾ? ಐದು ನಿಮಿಷ, ಸರಿ ಮಾಡಿಬಿಡ್ತೀನಿ."

"ಬೇಡ ಬೇಡ, ದಯವಿಟ್ಟು ಮುಟ್ಟಬೇಡಿ," ಅಂದೆ.