ತಜಂಕ್ ಯಾವುದು, ತಜಂಕಿನ ಹಾಗಿರುವುದು ಯಾವುದು

ಘಟ್ಟದ ಮೇಲಿನ ನಾನು ಮದುವೆಯಾಗಿ ಕಾಪುವಿಗೆ ಬಂದ ಮೊದಲ ಆಟಿಯಲ್ಲಿ, ಅಂದರೆ ತುಳುನಾಡಿನ ಮಳೆಗಾಲದ ತಿಂಗಳಲ್ಲಿ, ವಡೆಗೆ ತಜಂಕ್ ಸೊಪ್ಪು ಕೊಯ್ದು ತಾ ಎಂದರು ಅತ್ತೆ. ನಮ್ಮೂರಿನ ತಗಚೆಯೇ ಅದು ಎಂದು ಗೊತ್ತಿತ್ತು. ಬೇಲಿಯ ಬದಿಯಲ್ಲಿ ಹಳದಿ ಹೂ ಬಿಟ್ಟ ಗಿಡ ಕಂಡಿತು, ಚಿಗುರು ಚಿವುಟಿ ಬುಟ್ಟಿ ತುಂಬಿಸಿದೆ. ಅತ್ತೆ ಒಂದೆಲೆ ಉಜ್ಜಿ ಮೂಸಿ ಮುಖ ಹಿಂಡಿದರು. "ಇದೆಂತ ತಂದದ್ದು ಮಾರಾಯ್ತಿ? ತಜಂಕಿನ ಎಲೆ ಇಷ್ಟು ಚೂಪು ಉಂಟಾ?" ಬುಟ್ಟಿ ತೆಂಗಿನ ಬುಡಕ್ಕೆ ಹೋಯಿತು.

ಅದು ದೊಡ್ಡ ತಗಚೆ, ಸಸ್ಯಶಾಸ್ತ್ರದ ಹೆಸರು ಸೆನ್ನಾ ಆಕ್ಸಿಡೆಂಟಾಲಿಸ್. ಅದರ ಬೀಜ ತಿಂದು ಪಶ್ಚಿಮ ಉತ್ತರ ಪ್ರದೇಶದಲ್ಲಿ ಪುಟ್ಟ ಮಕ್ಕಳು ಸತ್ತಿದ್ದಾರೆಂದು ಎಷ್ಟೋ ವರ್ಷಗಳ ಬಳಿಕ ಓದಿದಾಗ ಎದೆ ಧಸಕ್ಕೆಂದಿತು. ತಗಚೆಯ ಬಳಗದ ಈ ಗಿಡಗಳ ಹಿಂದೆ ಬಿದ್ದದ್ದು ಹಾಗೆ.

ಮೊದಲೆರಡು ಮಳೆಗಾಲ ದಂಡ. ನಾನು ಹೂವಿನ ಫೋಟೋ ಮಾತ್ರ ತೆಗೆಯುತ್ತಿದ್ದೆ. ಎಲ್ಲದಕ್ಕೂ ಐದು ಹಳದಿ ದಳ. ಹತ್ತು ಕೇಸರಗಳಲ್ಲಿ ಪರಾಗ ಕೊಡುವುದು ಹೆಚ್ಚಾಗಿ ಆರೇಳು. ಮನೆಗೆ ಬಂದು ನೋಡಿದರೆ ಯಾವ ಹೂ ಯಾವ ಗಿಡದ್ದೆಂದು ನನಗೇ ತಿಳಿಯುತ್ತಿರಲಿಲ್ಲ.

ದಾರಿ ತೋರಿಸಿದ್ದು ಇರುವೆಗಳು. ಹೂ ಬಿಟ್ಟು ಅವು ಎಲೆದಂಟಿನ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತಿದ್ದವು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದೆ: ಸಾಸಿವೆಗಿಂತ ಸಣ್ಣ ಗ್ರಂಥಿ. ಈ ಗಿಡಗಳ ಹೂವಿನಲ್ಲಿ ಮಕರಂದವಿಲ್ಲ, ಸಿಹಿ ಸುರಿಸುವುದು ಈ ಗ್ರಂಥಿ. ಅದು ಎಲ್ಲಿದೆ, ಎಷ್ಟಿವೆ, ಆಕಾರ ಹೇಗೆ ಎಂದು ನೋಡಿದರೆ ಅರ್ಧ ಕೆಲಸ ಮುಗಿಯಿತು.

ದೊಡ್ಡ ತಗಚೆಯಲ್ಲಿ ಗ್ರಂಥಿ ತೊಟ್ಟಿನ ಬುಡದಲ್ಲೇ, ಗುಂಡಗೆ, ಒಂದೇ. ಚೂಪು ತುದಿಯ ಕಿರುಎಲೆಗಳು ನಾಲ್ಕೈದು ಜೊತೆ. ಸೆನ್ನಾ ಸೊಫೆರಾದ ಗ್ರಂಥಿಯೂ ಬುಡದಲ್ಲೇ, ಆದರೆ ಸಪೂರ; ಕಿರುಎಲೆಗಳು ಹೆಚ್ಚು. ಸಂಶಯ ಬಂದರೆ ಕೋಡು ಹಣ್ಣಾಗುವವರೆಗೆ ಕಾಯುತ್ತೇನೆ. ಸೊಫೆರಾದ್ದು ಉಬ್ಬಿ ದುಂಡಗಾಗುತ್ತದೆ, ದೊಡ್ಡ ತಗಚೆಯದ್ದು ಚಪ್ಪಟೆ, ಅಂಚು ತಿಳಿಬಣ್ಣ. ಮೈಯೆಲ್ಲ ರೋಮವಿದ್ದರೆ ಸೆನ್ನಾ ಹಿರ್ಸುಟಾ. ಸೀಮೆ ಅಗಸೆಯನ್ನು ಯಾರೂ ತಪ್ಪುವುದಿಲ್ಲ, ದೀಪದ ಕಂಬದಂಥ ಹೂಗೊನೆ, ರೆಕ್ಕೆಯಿರುವ ಕೋಡು.

ತಲೆ ತಿಂದದ್ದು ತಜಂಕೇ. ಮೂರು ಜೊತೆ ಕಿರುಎಲೆ, ತುದಿಯ ಕಡೆ ಅಗಲ, ಸಂಜೆಯಾದರೆ ಮಡಚಿಕೊಳ್ಳುತ್ತವೆ. ಸೆನ್ನಾ ಟೋರಾ ಎಂದು ಬರೆದಿಟ್ಟು ನೆಮ್ಮದಿಯಾಗಿದ್ದೆ. ಪಡುಬಿದ್ರಿಯ ಬಳಿ ಹೆದ್ದಾರಿ ಬದಿಯ ಮಣ್ಣಿನ ದಿಬ್ಬದಲ್ಲಿ ಅಂಥದ್ದೇ ಒಂದು ಗಿಡ ಸಿಕ್ಕಿತು. ಟೋರಾದಲ್ಲಿ ಕೆಳಗಿನ ಎರಡು ಜೊತೆಗಳ ನಡುವೆಯೂ ಒಂದೊಂದು ಗ್ರಂಥಿ ಇರಬೇಕು. ಇದರಲ್ಲಿ ತೀರ ಕೆಳಗಿನ ಜೊತೆಯ ನಡುವೆ ಮಾತ್ರ. ಇನ್ನೊಂದು ಉದುರಿರಬಹುದೆಂದು ಹತ್ತು ಎಲೆ ತಿರುಗಿಸಿದೆ, ಹತ್ತರಲ್ಲೂ ಒಂದೇ. ಕೋಡಿನ ತೊಟ್ಟು ಎರಡು ಸೆಂಟಿಮೀಟರಿನಷ್ಟು ಉದ್ದ. ಟೋರಾದ್ದು ಒಂದು ದಾಟುವುದು ಅಪರೂಪ. ಹಾಗಾದರೆ ದಿಬ್ಬದಲ್ಲಿ ಸಿಕ್ಕಿದ್ದು ಸೆನ್ನಾ ಅಬ್ಟ್ಯೂಸಿಫೋಲಿಯಾ.

ಆದರೂ ಧೈರ್ಯ ಬಂದದ್ದು ಕೋಡು ಒಣಗಿದ ಮೇಲೆ. ಬೀಜದ ಎರಡೂ ಪಕ್ಕದಲ್ಲಿ ತಿಳಿಬಣ್ಣದ ಒಂದು ಓರೆ ಪಟ್ಟೆ ಇರುತ್ತದೆ. ಟೋರಾದಲ್ಲಿ ಅದು 1.5ರಿಂದ 2 ಮಿಲಿಮೀಟರ್ ಅಗಲ, ಬರಿಗಣ್ಣಿಗೇ ಕಾಣುತ್ತದೆ. ಅಬ್ಟ್ಯೂಸಿಫೋಲಿಯಾದಲ್ಲಿ ಅರ್ಧ ಮಿಲಿಮೀಟರ್ ಕೂಡ ಇಲ್ಲ, ಸೂಜಿಯಲ್ಲಿ ಗೀರಿದ ಹಾಗೆ. ಎರಡನ್ನೂ ಬೆಂಕಿಪೊಟ್ಟಣಗಳಲ್ಲಿ ಹಾಕಿ, ಜಾಗ, ತಾರೀಕು ಬರೆದು ಇಟ್ಟಿದ್ದೇನೆ.

ಹಳೆಯ ಪುಸ್ತಕ ಬಿಡಿಸಿದರೆ ಇವೆಲ್ಲ ಕ್ಯಾಸಿಯಾ ಎಂದೇ ಇರುತ್ತವೆ. ಸಸ್ಯಶಾಸ್ತ್ರಜ್ಞರಾದ ಇರ್ವಿನ್ ಮತ್ತು ಬಾರ್ನೆಬಿ 1982ರಲ್ಲಿ ಆ ದೊಡ್ಡ ಕುಲವನ್ನು ಒಡೆದಾಗ ಇವು ಸೆನ್ನಾ ಕುಲಕ್ಕೆ ಹೋದವು. ಕಕ್ಕೆ ಮರ ಕ್ಯಾಸಿಯಾದಲ್ಲೇ ಉಳಿಯಿತು. ಅದರ ಹೂವಿನಲ್ಲಿ ಮೂರು ಉದ್ದ ಕೇಸರಗಳ ದಂಟು ಸೊಂಡಿಲಿನಂತೆ ಬಾಗಿರುತ್ತದೆ, ಸೆನ್ನಾಗಳಲ್ಲಿ ಹಾಗಿಲ್ಲ. ಹೂ ನೋಡಿ ಉಪಯೋಗವಾದದ್ದು ಇಲ್ಲೊಂದೇ ಕಡೆ.

ಈಗ ಒಂದು ಗಿಡಕ್ಕೆ ನಾಲ್ಕು ಫೋಟೋ ತೆಗೆಯುತ್ತೇನೆ: ಇಡೀ ಎಲೆ, ಗ್ರಂಥಿ ಹತ್ತಿರದಿಂದ, ಕೋಡು ತೊಟ್ಟಿನ ಸಮೇತ, ಕೊನೆಗೆ ಬೀಜ. ಮೊಬೈಲಿನ ಕ್ಯಾಮೆರಾ ಗ್ರಂಥಿಗೆ ಫೋಕಸ್ ಆಗದಿದ್ದರೆ ದಂಟನ್ನು ಅಂಗೈ ಮೇಲೆ ಇಟ್ಟುಕೊಳ್ಳುವುದು. ಇರುವೆ ಕಚ್ಚುತ್ತದೆ, ಮೊದಲು ಊದಬೇಕು.